ಕುರುಕ್ಷೇತ್ರದ ಕಿವಿಗೆ ಹೊಸ ನಾಟಕದ ಹಾಡು

ಸುಗ್ಗಿ ಮುಗಿದು, ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬಂದು, ಊರಿನವರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಗೋಡೆಗಳ ಮೇಲೆ ಒಂದು ಬಗೆಯ ಪೋಸ್ಟರು ಕಾಣಿಸಿಕೊಳ್ಳುತ್ತದೆ. ಮೇಲೆ ಗ್ರಾಮದೇವತೆಯ ಹೆಸರು, ಅದರ ಕೆಳಗೆ ‘ಕೃಪಾಪೋಷಿತ ನಾಟಕ ಮಂಡಳಿ’, ನಡುವೆ ದಪ್ಪ ಅಕ್ಷರದಲ್ಲಿ ‘ಕುರುಕ್ಷೇತ್ರ’. ಸುತ್ತಲೂ ಪಾತ್ರಧಾರಿಗಳ ಚಿಕ್ಕ ಚಿಕ್ಕ ಭಾವಚಿತ್ರಗಳು. ದುರ್ಯೋಧನ ಹೊಗೆಸೊಪ್ಪು ಬೆಳೆಯುವ ರೈತನಿರಬಹುದು, ಭೀಮ ಬಸ್ ಡ್ರೈವರ್ ಇರಬಹುದು, ಶಕುನಿ ಶಾಲೆಯ ಮೇಷ್ಟ್ರಿರಬಹುದು. ದ್ರೌಪದಿ, ಉತ್ತರೆಯರ ಪಾತ್ರಕ್ಕೆ ಮಾತ್ರ ಮೈಸೂರಿನಿಂದಲೋ ಮಂಡ್ಯದಿಂದಲೋ ಕಲಾವಿದೆಯರನ್ನು ಕರೆಸುತ್ತಾರೆ. ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಶುರುವಾದ ನಾಟಕ ಬೆಳಗಿನ ಕೋಳಿ ಕೂಗಿದ ಮೇಲೆ ಮುಗಿಯುತ್ತದೆ.

ಈ ನಾಟಕಗಳಲ್ಲಿ ಪಾತ್ರ ಮಾಡುವವರಿಗೆ ಸಂಬಳವಿಲ್ಲ. ಬದಲಿಗೆ ಅವರೇ ಹಣ ಕೊಡಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಸೀನರಿ, ಲೈಟು, ಡ್ರೆಸ್ಸು, ಮೇಕಪ್ಪು ಎಲ್ಲವೂ ಬಾಡಿಗೆಗೆ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾದವರು ಹಾರ್ಮೋನಿಯಂ ಮೇಷ್ಟ್ರು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಊರಿನ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ಕೂತು, ಸ್ವರದ ಗಂಧವಿಲ್ಲದ ಕೊರಳುಗಳಿಗೆ ರಾಗ ಕಲಿಸುವವರು ಅವರು. ನಾಟಕದ ದಿನ ರಂಗದ ಮುಂಭಾಗದಲ್ಲಿ ಕಾಲು ಹಾರ್ಮೋನಿಯಂ ತುಳಿಯುತ್ತ, ಪಾತ್ರಧಾರಿ ಶ್ರುತಿ ಬಿಟ್ಟರೆ ಕಣ್ಣಲ್ಲೇ ಗದರುತ್ತ, ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುತ್ತ ಇಡೀ ಸೇನೆಯನ್ನು ದಡ ಸೇರಿಸುವವರೂ ಅವರೇ.

ಮುಂದೆ ಚಾಪೆ ಹಾಸಿ ಕೂತವರಲ್ಲಿ ಕೆಲವರು ಇಂಥ ಕುರುಕ್ಷೇತ್ರಗಳನ್ನು ಇಪ್ಪತ್ತು ಮೂವತ್ತು ಸಲ ನೋಡಿದವರು. ಅವರು ಕಥೆ ಕೇಳಲು ಬಂದವರಲ್ಲ, ಕಥೆ ಅವರಿಗೆ ಬಾಯಿಪಾಠ. ಅವರು ಬಂದಿರುವುದು ಕಂದ ಕೇಳುವುದಕ್ಕೆ.

ಕಂದವೆಂದರೆ ನಾಲ್ಕು ಸಾಲಿನ ಪದ್ಯ. ಮೊದಲ ಮತ್ತು ಮೂರನೆಯ ಸಾಲಿಗೆ ತಲಾ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯದಕ್ಕೆ ತಲಾ 20. ಹಳಗನ್ನಡ ಕವಿಗಳ ಕಾಲದಿಂದ ಬಂದ ಈ ಛಂದಸ್ಸು ಇವತ್ತು ಜೀವಂತವಾಗಿ ಉಳಿದಿರುವುದು ಪಂಡಿತರ ನಾಲಗೆಯಲ್ಲಿ ಕಡಿಮೆ, ಹಳ್ಳಿಯ ದುರ್ಯೋಧನರ ಕೊರಳಲ್ಲಿ ಹೆಚ್ಚು. ಹಾಡುವಾಗ ಅದಕ್ಕೆ ತಾಳವಿಲ್ಲ. ಪಾತ್ರಧಾರಿ ಆಡುತ್ತಿದ್ದ ಮಾತನ್ನು ಥಟ್ಟನೆ ನಿಲ್ಲಿಸಿ, ಒಂದು ಹೆಜ್ಜೆ ಮುಂದೆ ಬಂದು, ಪದ್ಯವನ್ನು ರಾಗದಲ್ಲಿ ಎಳೆಯುತ್ತಾನೆ. ರೋಷಕ್ಕೆ ಅಠಾಣವೋ ಬಿಲಹರಿಯೋ, ದುಃಖಕ್ಕೆ ಮುಖಾರಿ, ಕೃಷ್ಣನಿಗೆ ಮೋಹನ. ಕೊನೆಯ ಅಕ್ಷರವನ್ನು ಹಿಡಿದು ತಾರಸ್ಥಾಯಿಗೆ ಹತ್ತಿಸುವಾಗ ಹಾರ್ಮೋನಿಯಂ ಬೆನ್ನಟ್ಟುತ್ತದೆ. ಉಸಿರು ಮುಗಿಯುವ ಕಡೆಯ ಗಳಿಗೆಗೆ ತಬಲಾ ಒಂದು ಪೆಟ್ಟು ಕೊಡುತ್ತದೆ. ಶಿಳ್ಳೆ, ಚಪ್ಪಾಳೆ, ‘ಒನ್ಸ್‌ಮೋರ್’. ನೆಂಟರು ರಂಗಕ್ಕೇ ಹತ್ತಿ ಹಾರ ಹಾಕಿ, ನೋಟು ಚುಚ್ಚಿ ಇಳಿಯುತ್ತಾರೆ. ಅಷ್ಟು ಹೊತ್ತು ಪಾಂಡವರೂ ಕೌರವರೂ ತಾಳ್ಮೆಯಿಂದ ಕಾಯುತ್ತಾರೆ.

ಇಂಥ ರಸಿಕ 40ರಿಂದ 70 ಕಿಲೋಮೀಟರ್ ದೂರದ ಮೈಸೂರಿಗೆ ಬಂದು ಹೊಸ ಕಾಲದ ಸಂಗೀತಪ್ರಧಾನ ನಾಟಕವೊಂದನ್ನು ನೋಡಿ ಹೊರಬಂದರೆ ಹೇಳುವ ಮಾತು ಬಹುಮಟ್ಟಿಗೆ ಒಂದೇ: ‘ಹಾಡೇ ಇಲ್ಲ ಕಣಪ್ಪ.’ ನಾಟಕದ ತುಂಬ ಹಾಡಿದ್ದರೂ ಅವನಿಗೆ ಅದು ಕೇಳಿಸಿರುವುದಿಲ್ಲ. ಅದು ಕಿವಿಯ ದೋಷವಲ್ಲ. ಅವನು ಹಾಡನ್ನು ಹುಡುಕಿದ ಜಾಗದಲ್ಲಿ ಹಾಡು ಇರಲಿಲ್ಲ, ಅಷ್ಟೇ.

ಆಪೆರಾ ಮನೆಯ ಜಗಳ

ಇದೇನೂ ನಮ್ಮೂರಿನವರದೇ ಪಾಡಲ್ಲ. ಯೂರೋಪಿನ ಆಪೆರಾ ಎಂಬ ಸಂಗೀತ ನಾಟಕದ ರಸಿಕರು ನೂರು ವರ್ಷಗಳಿಂದ ಇದೇ ದೂರು ಹೇಳುತ್ತಿದ್ದಾರೆ. ಆಪೆರಾ ಎಂದರೆ ಆರಂಭದಿಂದ ಕೊನೆಯವರೆಗೆ ಬಹುಪಾಲು ಹಾಡಿಯೇ ಆಡುವ ನಾಟಕ. ಮಾಂಟೆವರ್ಡಿ ಎಂಬ ಇಟಲಿಯ ಸಂಗೀತಗಾರನ ‘ಓರ್ಫಿಯೋ’ 1607ರಲ್ಲಿ ಮಾಂಟುವಾ ನಗರದಲ್ಲಿ ಪ್ರದರ್ಶನವಾಯಿತು. ಇಂದಿಗೂ ರಂಗದಲ್ಲಿರುವ ಆಪೆರಾಗಳಲ್ಲಿ ಬಹಳ ಹಳೆಯದು ಅದು. ಮುಂದೆ ಬೆಳೆದ ಪದ್ಧತಿಯಲ್ಲಿ ಎರಡು ಬಗೆಯ ಹಾಡುಗಾರಿಕೆ ಬೇರೆಬೇರೆಯಾದವು. ಒಂದು ಕಥೆಯನ್ನು ಮುಂದಕ್ಕೆ ತಳ್ಳುವ, ಮಾತಿಗೆ ಹತ್ತಿರವಾದ ವಾಚನ. ಇನ್ನೊಂದು ಕಥೆಯನ್ನು ನಿಲ್ಲಿಸಿ ಒಂದೇ ಭಾವವನ್ನು ಹಿಗ್ಗಿಸುವ ಹಾಡು. ಅದನ್ನು ಆರಿಯಾ ಎನ್ನುತ್ತಾರೆ. ಕುರುಕ್ಷೇತ್ರದ ಮಾತು ಮತ್ತು ಕಂದಗಳ ನಡುವೆ ಇರುವುದೂ ಹೆಚ್ಚು ಕಡಿಮೆ ಇದೇ ಸಂಬಂಧ. ಇಟಲಿಯ ಪ್ರೇಕ್ಷಕ ಆರಿಯಾ ಮುಗಿದಾಗ ‘ಬಿಸ್’ ಎಂದು ಕೂಗುತ್ತಿದ್ದ. ನಮ್ಮವರ ‘ಒನ್ಸ್‌ಮೋರ್’ ಅದರ ದಾಯಾದಿ.

1925ರಲ್ಲಿ ಬರ್ಲಿನ್ನಿನಲ್ಲಿ ಆಲ್ಬನ್ ಬರ್ಗ್‌ನ ‘ವೊಟ್ಸೆಕ್’ ಬಂತು. ರಾಜರಾಣಿಯರ ಬದಲು ಒಬ್ಬ ಬಡ ಸಿಪಾಯಿಯ ಕಥೆ. ಮೇಲಿನವರ ತುಳಿತಕ್ಕೆ ಸಿಕ್ಕು ತಲೆಕೆಟ್ಟು, ತನ್ನ ಹೆಣ್ಣನ್ನೇ ಕೊಲ್ಲುವವನು ಅವನು. ಮನೆಗೆ ಹೋಗುವಾಗ ಗುನುಗಿಕೊಳ್ಳುವಂಥ ಆರಿಯಾ ಅದರಲ್ಲಿ ಸಿಗುವುದಿಲ್ಲ. ಕೆಲವು ಕಡೆ ದನಿ ಮಾತಿಗೂ ಹಾಡಿಗೂ ನಡುವೆ ತೂಗಾಡುತ್ತದೆ. ಕೇಳುಗರಲ್ಲಿ ಒಂದು ಪಂಗಡ ಇದನ್ನು ಮೆಚ್ಚಿಕೊಂಡಿತು. ಇನ್ನೊಂದು ಪಂಗಡ ಆಪೆರಾ ಸತ್ತಿತೆಂದು ಗೋಳಾಡಿತು. ಆದರೆ ತಲೆ ಕೆಟ್ಟ ಸಿಪಾಯಿಯೊಬ್ಬ ಸುಶ್ರಾವ್ಯವಾಗಿ ಹಾಡುವುದಾದರೂ ಹೇಗೆ? ಹೊಸ ಆಪೆರಾ ಕೇಳುವವನು ಮೊದಲು ಒಪ್ಪಿಕೊಳ್ಳಬೇಕಾದ್ದು ಈ ಪ್ರಶ್ನೆಯನ್ನು.

ಒಂದು ಬಗೆಯ ಸಂಗೀತಕ್ಕೆ ಪಳಗಿದ ಕಿವಿ ಇನ್ನೊಂದಕ್ಕೆ ಪಳಗಬಲ್ಲುದೇ ಎಂಬ ಅನುಮಾನಕ್ಕೆ ಉತ್ತರ ಮೈಸೂರಿನ ಅರಮನೆಯಲ್ಲೇ ಇದೆ. ಜಯಚಾಮರಾಜ ಒಡೆಯರ್ ಮೊದಲು ಪಳಗಿದ್ದು ಪಾಶ್ಚಾತ್ಯ ಸಂಗೀತದಲ್ಲಿ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಅವರೇ ಮೊದಲ ಅಧ್ಯಕ್ಷರು. ರಷ್ಯದ ಸಂಗೀತಗಾರ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣವಾದದ್ದು ಅವರ ನೆರವಿನಿಂದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದಾಗಲೂ ಹಣದ ಭರವಸೆ ಕೊಟ್ಟವರು ಮೈಸೂರಿನ ಮಹಾರಾಜರು. ಅಂಥವರು ಆಮೇಲೆ ಕರ್ನಾಟಕ ಸಂಗೀತಕ್ಕೆ ಹೊರಳಿ, ಆಸ್ಥಾನದಲ್ಲಿದ್ದ ವಾಸುದೇವಾಚಾರ್ಯರಂಥ ವಿದ್ವಾಂಸರ ಒಡನಾಟದಲ್ಲಿ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅರಮನೆಯವರಿಗೆ ಪುರುಸೊತ್ತಿತ್ತು ಎನ್ನಬಹುದು, ನಿಜ. ಆದರೆ ಒಂದು ಕಿವಿಯನ್ನು ಕಿತ್ತೆಸೆದು ಇನ್ನೊಂದನ್ನು ಅಂಟಿಸಿಕೊಳ್ಳುವ ಅಗತ್ಯವಿಲ್ಲವೆಂಬುದು ಅವರಿಂದ ಸ್ಪಷ್ಟವಾಗುತ್ತದೆ.

ಹಾಡು ಜಾಗ ಬದಲಿಸಿದ ಬಗೆ

ಕನ್ನಡ ನಾಟಕದ ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತೆಂದು ತಿಳಿಯಲು ಅರಮನೆಯಲ್ಲಿಯೇ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. 1880ರ ದಶಕದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ನಾಟಕ ಸಭೆ ಹುಟ್ಟಿತು. ‘ಅಭಿನವ ಕಾಳಿದಾಸ’ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಹೊರಗಿನಿಂದ ಬಂದ ಪಾರ್ಸಿ ಮತ್ತು ಮರಾಠಿ ಕಂಪನಿಗಳು ಪರದೆ, ಸೀನರಿ, ಹೊಸ ಮಟ್ಟುಗಳನ್ನು ಪರಿಚಯಿಸಿದವು. ಮಟ್ಟು ಎಂದರೆ ಈಗಾಗಲೇ ಜನರ ಬಾಯಲ್ಲಿರುವ ಧಾಟಿ. ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಅದು ಯಾವ ಹಾಡಿನ ಮಟ್ಟು ಎಂದು ಅಚ್ಚು ಹಾಕುತ್ತಿದ್ದರು. ಹೀಗೆ ಕರ್ನಾಟಕದ ರಾಗ, ಹಿಂದೂಸ್ತಾನಿ ಧಾಟಿ, ಜಾವಳಿ ಎಲ್ಲವೂ ಒಂದೇ ರಾತ್ರಿಯಲ್ಲಿ ಬಂದು ಹೋಗುತ್ತಿದ್ದವು.

ಹಾರ್ಮೋನಿಯಂ ಕೂಡ ಹೊರಗಿನದೇ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ ಅದು. ಗಮಕ ನುಡಿಸಲಾಗದ ಈ ಪೆಟ್ಟಿಗೆಯನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟು, ಸುಮಾರು ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಷ್ಟೂ ವರ್ಷ ನಾಟಕದ ಚಪ್ಪರಗಳಲ್ಲಿ ಅದು ಸಾರ್ವಭೌಮನಾಗಿಯೇ ಮೆರೆಯಿತು. ಕಾರಣ ಸರಳ. ಮೈಕು ಇಲ್ಲದ ಕಾಲ. ಎರಡು ಸಾವಿರ ಜನರ ಹಿಂದಿನ ಸಾಲಿಗೆ ದನಿ ಮುಟ್ಟಬೇಕಾದರೆ ಶ್ರುತಿ ಏರಬೇಕು, ಏರಿದ ಶ್ರುತಿಗೆ ಗಟ್ಟಿ ಆಸರೆ ಬೇಕು. ಎ.ವಿ. ವರದಾಚಾರ್ಯರಂಥ ಗಾಯಕನಟರ ಕೀರ್ತಿ ಬೆಳೆದದ್ದು ಇಂಥ ಪರಿಸರದಲ್ಲಿ. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ ಕುರುಕ್ಷೇತ್ರ ಆಡಿದಾಗ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಇಂದಿನ ಹಳ್ಳಿಗಳ ಕುರುಕ್ಷೇತ್ರದಲ್ಲಿ ಆನೆ ಪರದೆಯ ಮೇಲಿನ ಬಣ್ಣವಾಗಿ ಉಳಿದಿದೆ, ಹಾಡು ಮಾತ್ರ ಹಾಗೇ ಉಳಿದಿದೆ.

ಕಂಪನಿಯ ಹಾಡು ಸಿನಿಮಾಕ್ಕೂ ದಾಟಿತು. ಅದನ್ನು ದಾಟಿಸಿದವರಲ್ಲಿ ಒಬ್ಬರು ಹುಣಸೂರಿನವರೇ. ನಾಟಕ ಕಂಪನಿಗಳಲ್ಲಿ ಬೆಳೆದ ಹುಣಸೂರು ಕೃಷ್ಣಮೂರ್ತಿ (1914–1989) ನಿರ್ದೇಶಿಸಿದ ‘ಬಭ್ರುವಾಹನ’ 1977ರಲ್ಲಿ ತೆರೆಕಂಡಿತು. ಅದರಲ್ಲಿ ತಂದೆ ಅರ್ಜುನನೂ ಮಗ ಬಭ್ರುವಾಹನನೂ ಬಾಣ ಹೂಡುವ ಮುಂಚೆ ಹಾಡಿನಲ್ಲೇ ಒಬ್ಬರನ್ನೊಬ್ಬರು ಮೂದಲಿಸುವ ಭಾಗವಿದೆ. ಎರಡೂ ಪಾತ್ರದಲ್ಲಿ ರಾಜ್‌ಕುಮಾರ್. ಕುರುಕ್ಷೇತ್ರದ ಕಂದದ ಕಾಳಗವನ್ನು ಕಂಡವರಿಗೆ ಅದರ ಮನೆತನ ಯಾವುದೆಂದು ಹೇಳಬೇಕಾಗಿಲ್ಲ.

ಅತ್ತ ಬೆಂಗಳೂರು, ಮೈಸೂರುಗಳ ವಿದ್ಯಾವಂತ ಹವ್ಯಾಸಿಗಳು ಬೇರೆ ದಾರಿ ಹಿಡಿದರು. ಟಿ.ಪಿ. ಕೈಲಾಸಂ ನಡುಮನೆಯ ಮಾತನ್ನು ರಂಗಕ್ಕೆ ತಂದರು. ಸಾಯುವ ಮುನ್ನ ಅರ್ಧ ಗಂಟೆ ಹಾಡುವ ಕಂಪನಿಯ ರಾಜ ಅವರ ಬಳಗಕ್ಕೆ ನಗೆಪಾಟಲಾದ. ಹಾಗೆ ಗದ್ಯ ನಾಟಕ ಹುಟ್ಟಿ, ಹಾಡು ಹಿತ್ತಲ ಬಾಗಿಲಿನಿಂದ ಹೊರಬಿತ್ತು. ಪು.ತಿ. ನರಸಿಂಹಾಚಾರ್ಯರೊಬ್ಬರು ಮಾತ್ರ ಎರಡೂ ಕಡೆ ಸೇರದೆ, 1940ರ ದಶಕದಿಂದ ‘ಅಹಲ್ಯೆ’, ‘ಗೋಕುಲ ನಿರ್ಗಮನ’, ‘ಶಬರಿ’ಯಂಥ ಗೀತನಾಟಕಗಳನ್ನು ಬರೆಯುತ್ತ ಹೋದರು. ಅವರ ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಯೂರೋಪಿನ ಅರ್ಥದ ಆಪೆರಾ ಕನ್ನಡದಲ್ಲಿದೆಯೇ ಎಂದು ಯಾರಾದರೂ ಕೇಳಿದರೆ ಮೊದಲು ಬೆರಳು ಮಾಡಬೇಕಾದ್ದು ಮೇಲುಕೋಟೆಯ ಈ ಕವಿಯ ಕಡೆಗೆ.

ಹೊರಬಿದ್ದ ಹಾಡನ್ನು ಮತ್ತೆ ಒಳಗೆ ಕರೆದವರು ಬಿ.ವಿ. ಕಾರಂತರು. ಅವರು ಕಂಪನಿಯನ್ನು ಹಳಿಯುತ್ತ ಬಂದವರಲ್ಲ, ಕಂಪನಿಯಿಂದಲೇ ಬಂದವರು. ದಕ್ಷಿಣ ಕನ್ನಡದ ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1970ರ ದಶಕದ ಆರಂಭದಲ್ಲಿ ಅವರು ಕಂಬಾರರ ‘ಜೋಕುಮಾರಸ್ವಾಮಿ’, ಕಾರ್ನಾಡರ ‘ಹಯವದನ’ಗಳನ್ನು ರಂಗಕ್ಕೆ ತಂದಾಗ ಹಾಡು ಮರಳಿ ಬಂತು. ಆದರೆ ಹೋದ ದಾರಿಯಲ್ಲೇ ಬರಲಿಲ್ಲ.

ಏನು ಬದಲಾಯಿತೆಂಬುದನ್ನು ‘ಹಯವದನ’ದಲ್ಲಿ ಸುಲಭವಾಗಿ ನೋಡಬಹುದು. ಪದ್ಮಿನಿ ದೇವದತ್ತನ ಹೆಂಡತಿ, ಮನಸ್ಸು ಕಪಿಲನ ಕಡೆಗೆ ವಾಲುತ್ತಿದೆ. ಇದೇ ಸಂದರ್ಭ ಕಂಪನಿ ನಾಟಕದಲ್ಲಿ ಬಂದಿದ್ದರೆ ಪದ್ಮಿನಿ ಮುಂದೆ ಬಂದು ತನ್ನ ತೊಳಲಾಟವನ್ನು ತಾನೇ ಹಾಡುತ್ತಿದ್ದಳು. ಇಲ್ಲಿ ಹಾಗಾಗುವುದಿಲ್ಲ. ಅವಳು ಬಾಯಿಬಿಟ್ಟು ಹೇಳಲಾಗದ್ದನ್ನು ಹೆಣ್ಣುಮಕ್ಕಳ ಮೇಳ ಹಾಡುತ್ತದೆ, ಭಾಗವತ ಹಾಡುತ್ತಾನೆ. ಅವಳು ಸುಮ್ಮನಿರುತ್ತಾಳೆ. ಪಾತ್ರದ ಕೊರಳಿನಲ್ಲಿದ್ದ ಹಾಡು ಪಾತ್ರದ ಸುತ್ತಲಿನ ಗಾಳಿಗೆ ಸೇರಿಕೊಂಡಿತು. ಕುರುಕ್ಷೇತ್ರದ ರಸಿಕ ನಟಿಯ ಕೊರಳನ್ನೇ ಕಾಯುತ್ತ ಕೂತರೆ ನಿರಾಶನಾಗುವುದು ಸಹಜ. ಅವಳ ಮುಖ ನೋಡುತ್ತ ಮೇಳದ ದನಿ ಕೇಳಿದರೆ ಮಾತ್ರ ಎರಡೂ ಸೇರಿ ಒಂದು ಹಾಡಾಗುತ್ತದೆ.

ಜಡಭರತರ ‘ಸತ್ತವರ ನೆರಳು’ ನಾಟಕದಲ್ಲಿ ಕಾರಂತರು ಇನ್ನೊಂದು ಆಟ ಆಡಿದರು. ಮಠದ ಗದ್ದುಗೆಯ ಜಗಳದ ಕಥೆಗೆ ಪುರಂದರದಾಸರ ಪದಗಳನ್ನು ಬಳಸಿದರು. ಭಜನೆಯಲ್ಲಿ ಕೇಳಿ ಕೇಳಿ ಕಿವಿಗೆ ಮೆತ್ತಗಾದ ಪದ, ಮಠದ ಒಳಜಗಳದ ಪಕ್ಕ ಕೂತಾಗ ಚುಚ್ಚತೊಡಗುತ್ತದೆ. ರಾಗ ಗೊತ್ತು, ಸಾಹಿತ್ಯ ಗೊತ್ತು, ಅರ್ಥ ಮಾತ್ರ ಹೊಸದು. ಇದರ ಜೊತೆಗೆ ಸದ್ದು. ಕಾರಂತರಿಗೆ ಕಲ್ಲು, ಬಿದಿರು, ತೆಂಗಿನ ಚಿಪ್ಪು, ತಗಡಿನ ಡಬ್ಬ ಎಲ್ಲವೂ ವಾದ್ಯಗಳೇ. ರಂಗಸಂಗೀತವೆಂದರೆ ನಾಟಕದ ನಡುವೆ ಬರುವ ಸಂಗೀತ ಕಚೇರಿಯಲ್ಲ, ರಂಗದ ಮೇಲೆ ಆಗುವ ಎಲ್ಲ ಸದ್ದೂ ಸೇರಿ ಆಗುವಂಥದ್ದು ಎಂಬುದು ಅವರ ಕೆಲಸದಿಂದ ಹೊರಡುವ ಪಾಠ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅವರೇ ಅದರ ಮೊದಲ ನಿರ್ದೇಶಕರು. ಹೀಗಾಗಿ ಈ ನಾಲ್ಕು ತಾಲ್ಲೂಕುಗಳ ನೆರೆಯಲ್ಲೇ ಹೊಸ ನಾಟಕಕ್ಕೊಂದು ಮನೆಯಾಯಿತು.

ಕಪ್ಪಡಿಯ ಕಿವಿ

ಹೊಸ ಹಾಡನ್ನು ಕೇಳಲು ಹಳ್ಳಿಯ ರಸಿಕ ಹೊಸ ಕಿವಿ ಹುಡುಕಬೇಕಾಗಿಲ್ಲ. ಅವನಲ್ಲಿ ಇನ್ನೊಂದು ಕಿವಿ ಮೊದಲಿನಿಂದಲೂ ಇದೆ. ಅದನ್ನು ಅವನು ನಾಟಕಕ್ಕೆ ತರುವುದಿಲ್ಲ, ಅಷ್ಟೇ.

ಕೆ.ಆರ್. ನಗರ ತಾಲ್ಲೂಕಿನ ಕಾವೇರಿ ದಡದಲ್ಲಿ ಕಪ್ಪಡಿ ಇದೆ. ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯ ಗದ್ದುಗೆ ಇರುವ ಜಾಗ. ಶಿವರಾತ್ರಿಯಿಂದ ಅಲ್ಲಿ ಜಾತ್ರೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಇಡೀ ರಾತ್ರಿ ಹಾಡುತ್ತಾರೆ. ಒಬ್ಬ ತಂಬೂರಿ ಹಿಡಿದು ಕಥೆ ಹೇಳುತ್ತಾನೆ. ಉಳಿದವರು ಸೊಲ್ಲು ಹಿಡಿದು ಮತ್ತೆ ಮತ್ತೆ ಅದನ್ನೇ ಹೇಳುತ್ತಾರೆ. ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರ ಕಂಸಾಳೆಯಲ್ಲೂ ಇದೇ ಕ್ರಮ. ಅಲ್ಲಿ ಯಾರೂ ಅಠಾಣ ಎಲ್ಲಿ ಎಂದು ಕೇಳುವುದಿಲ್ಲ. ದನಿ ಒಡೆದಿದ್ದರೂ, ಸ್ವರ ಸ್ವಲ್ಪ ಅತ್ತಿತ್ತ ಆದರೂ ಯಾರೂ ಎದ್ದು ಹೋಗುವುದಿಲ್ಲ. ಒಂದೇ ಸೊಲ್ಲು ನೂರು ಸಲ ಬಂದರೂ ಬೇಸರವಿಲ್ಲ, ಯಾಕೆಂದರೆ ಪ್ರತಿ ಸಲವೂ ಕಥೆ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಮಾತು ಹಾಡಾಗುವುದು, ಹಾಡು ಮತ್ತೆ ಮಾತಾಗುವುದು ಯಾವಾಗ ಎಂದು ಗೆರೆ ಎಳೆಯಲೂ ಆಗುವುದಿಲ್ಲ. ಬರ್ಲಿನ್ನಿನ ಕೇಳುಗರು 1925ರಲ್ಲಿ ಬೆಚ್ಚಿದ್ದು ಮಾತಿಗೂ ಹಾಡಿಗೂ ನಡುವಿನ ದನಿಗೆ. ಕಪ್ಪಡಿಯ ಬಯಲಿನಲ್ಲಿ ಅದು ಮನೆಮಾತು.

ಕಾರಂತರ ಮತ್ತು ಅವರ ನಂತರದ ರಂಗಸಂಗೀತ ಬೇಡುವುದು ಈ ಎರಡನೆಯ ಕಿವಿಯನ್ನು. ತೊಡಕಿರುವುದು ಅಭ್ಯಾಸದಲ್ಲಿ. ಪರದೆ, ಲೈಟು ಕಂಡ ಕೂಡಲೇ ರಸಿಕನ ಕುರುಕ್ಷೇತ್ರದ ಕಿವಿ ತಾನಾಗಿ ಎದ್ದು ಕೂರುತ್ತದೆ. ಇನ್ನೊಂದು ಸಣ್ಣ ಅನ್ಯಾಯವೂ ಇದೆ. ಮೂವತ್ತು ಸಲ ನೋಡಿದ ಕುರುಕ್ಷೇತ್ರವನ್ನು ಮೊದಲ ಸಲ ನೋಡುವ ಹೊಸ ನಾಟಕದ ಪಕ್ಕ ಇಟ್ಟು ತೂಗುತ್ತಾನೆ. ದುರ್ಯೋಧನನ ಕಂದ ಸಿಹಿಯಾಗಿರುವುದರಲ್ಲಿ ರಾಗದ ಪಾಲೆಷ್ಟೋ ನೆನಪಿನ ಪಾಲೂ ಅಷ್ಟೇ. ಹೊಸ ನಾಟಕಕ್ಕೂ ಎರಡನೆಯ ಸಲ ಹೋಗಿ ಕೂತರೆ, ಮುಂದೆ ಬರಲಿರುವ ಹಾಡನ್ನು ಮೈ ಕಾಯತೊಡಗುತ್ತದೆ. ಅಲ್ಲಿಂದ ಮುಂದಿನದು ಸಲೀಸು.

ಎಲ್ಲಿಂದ ಶುರು ಮಾಡಬೇಕೆಂಬುದೂ ಮುಖ್ಯ. ಪೌರಾಣಿಕದ ರಸಿಕನನ್ನು ನೇರವಾಗಿ ತಗಡಿನ ಡಬ್ಬದ ಮುಂದೆ ಕೂರಿಸಿದರೆ ಅವನು ಎದ್ದು ಹೋದಾನು. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಒಳ್ಳೆಯ ಮೊದಲ ಮೆಟ್ಟಿಲು. ಕಾರಂತರು ಅದನ್ನು ರಂಗಕ್ಕೆ ತಂದಿದ್ದರು. ರಾಗಗಳು ಪರಿಚಿತ, ಕೃಷ್ಣನೂ ಪರಿಚಿತ. ಆದರೆ ಇವನು ಸಂಧಾನಕ್ಕೆ ಬಂದು ಸಭೆ ನಡುಗಿಸುವ ಕೃಷ್ಣನಲ್ಲ, ಗೋಕುಲವನ್ನೂ ಕೊಳಲನ್ನೂ ಬಿಟ್ಟು ಮಥುರೆಗೆ ಹೊರಟವನು. ಇಲ್ಲಿ ‘ಒನ್ಸ್‌ಮೋರ್’ ಕೂಗಲು ಜಾಗವೇ ಇಲ್ಲ, ಹಾಡಿನಿಂದ ಹಾಡಿಗೆ ನಾಟಕ ಹರಿಯುತ್ತಲೇ ಹೋಗುತ್ತದೆ. ಅಗಲಿಕೆಯ ನೋವನ್ನು ಒಂದು ಪದ್ಯದಲ್ಲಿ ಹಿಡಿದು ಎತ್ತಿ ತೋರಿಸುವ ಬದಲು ಇಡೀ ನಾಟಕಕ್ಕೆ ಹರಡಿದ್ದಾರೆ ಕವಿ.

ಮತ್ತೆ ಇಡೀ ರಾತ್ರಿ

2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಒಂದು ವಿಚಿತ್ರ ನಡೆಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು. ಸಂಗೀತ ಹಂಸಲೇಖ ಅವರದು. ನಾಲ್ಕು ಬೇರೆಬೇರೆ ರಂಗಗಳು, ಪ್ರೇಕ್ಷಕರು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಬೇಕು. ರಾತ್ರಿ ಶುರುವಾದ ನಾಟಕ ಮುಗಿಯುವ ಹೊತ್ತಿಗೆ ಸುಮಾರು ಒಂಬತ್ತು ಗಂಟೆ ಕಳೆದು ಬೆಳಗಾಗಿರುತ್ತಿತ್ತು. ಎರಡು ಗಂಟೆಗೆ ಮುಗಿಯುವ ನಾಟಕಕ್ಕೆ ಒಗ್ಗಿದ ಪೇಟೆಯವರಿಗೆ ಇದು ಸಾಹಸವೆನಿಸಿತು. ಕಂಬಳಿ ಹೊದ್ದು ಕುರುಕ್ಷೇತ್ರ ನೋಡ ಬೆಳೆದವರಿಗೆ ಇಲ್ಲಿ ಹೊಸದೇನೂ ಇರಲಿಲ್ಲ. ನಿದ್ದೆ, ಎಚ್ಚರ, ನಡುವೆ ಎದ್ದು ಕುಡಿಯುವ ಟೀ, ಮೂರು ಗಂಟೆಯ ಚಳಿಯಲ್ಲಿ ಹಠಾತ್ತನೆ ಮೈ ಜುಮ್ಮೆನಿಸುವ ಹಾಡು, ಇವೆಲ್ಲ ಪೌರಾಣಿಕ ನಾಟಕದ ರಸಿಕನ ಸ್ವಂತ ಆಸ್ತಿ. ಹೊಸ ರಂಗಭೂಮಿ ಮರೆತಿದ್ದ ಇದನ್ನು ಸಾಲ ಪಡೆದಿತ್ತು. ನಾಗರಿಕ ಪ್ರೇಕ್ಷಕನಿಗಿಂತ ಹಳ್ಳಿಯ ರಸಿಕನೇ ಹೆಚ್ಚು ತಯಾರಾಗಿದ್ದ ಹೊಸ ನಾಟಕ ಅದು.

2021ರಲ್ಲಿ ಅದೇ ರಂಗಾಯಣ ಎಸ್.ಎಲ್. ಭೈರಪ್ಪನವರ ‘ಪರ್ವ’ವನ್ನು ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ಆಡಿತು. ಬಿಡುವೂ ಸೇರಿ ಸುಮಾರು ಎಂಟು ಗಂಟೆಯ ನಾಟಕ. ಇದನ್ನು ಸಂಗೀತ ನಾಟಕವೆನ್ನಲಾಗದು. ಆದರೂ ಇಲ್ಲಿ ಹೆಸರಿಸಲು ಕಾರಣವಿದೆ. ಅದೇ ಕುರುಕ್ಷೇತ್ರ, ಅದೇ ಭೀಮ, ಅದೇ ಕರ್ಣ. ಆದರೆ ಪವಾಡವಿಲ್ಲ, ಕಿರೀಟದ ಝಗಮಗವಿಲ್ಲ, ಕಂದವಂತೂ ಇಲ್ಲವೇ ಇಲ್ಲ. ಹಸಿವು, ಕೊಳೆತ ಹೆಣ, ಮುಪ್ಪು, ಗಂಡನಿಲ್ಲದ ಹೆಂಗಸರು. ಹಾಡುವ ದುರ್ಯೋಧನನನ್ನು ಪ್ರೀತಿಸುವವನಿಗೆ ಹಾಡದ ದುರ್ಯೋಧನ ಮೊದಲ ಗಂಟೆಯಲ್ಲಿ ಬಡವನಂತೆ ಕಾಣುತ್ತಾನೆ. ಯುದ್ಧವೆಂದರೆ ಹಾಡಲಾಗದಂಥದ್ದು ಎಂದು ಹೊಳೆಯುವುದಕ್ಕೆ ಉಳಿದ ಗಂಟೆಗಳು ಬೇಕು.

ಹಾಗೆಂದು ರಸಿಕನ ದೂರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಅರ್ಧ ನಿಜವಿದೆ. ಹೊಸ ರಂಗಭೂಮಿ ಮೇಳವನ್ನು ಬೆಳೆಸಿತು, ಒಬ್ಬಂಟಿ ಕೊರಳನ್ನು ಬೆಳೆಸಲಿಲ್ಲ. ಮೈಕಿಲ್ಲದೆ, ಮೇಳದ ಆಸರೆಯಿಲ್ಲದೆ, ಒಂದು ಪದ್ಯವನ್ನು ಏಕಾಂಗಿಯಾಗಿ ತಾರಸ್ಥಾಯಿಗೆ ಒಯ್ದು ನಿಲ್ಲಿಸಬಲ್ಲ ನಟ ಪಟ್ಟಣದ ರಂಗದಲ್ಲಿ ಅಪರೂಪ. ಮೊದಲೇ ಧ್ವನಿಮುದ್ರಿಸಿಕೊಂಡ ಹಾಡಿಗೆ ನಟರು ಹೆಜ್ಜೆ ಹಾಕುವ ಸುಲಭದ ದಾರಿಯೂ ಬಂದಿದೆ. ಹಳ್ಳಿಗಳಲ್ಲಿ ಸ್ಥಿತಿ ಬೇರೆ. ಕಂದ ಹೇಳಿಕೊಡುವ ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ, ಕಾಲು ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡು ಬಂದು ಕೂತಿದೆ. ಒಂದು ಕಡೆ ಕೊರಳಿದೆ, ಅದಕ್ಕೆ ಹೊಸ ಪದ್ಯವಿಲ್ಲ. ಇನ್ನೊಂದು ಕಡೆ ಹೊಸ ಪದ್ಯವಿದೆ, ಅದನ್ನು ಹೊರುವ ಕೊರಳಿಲ್ಲ. ಕಂಪನಿಯಿಂದ ಹೊಸ ನಾಟಕಕ್ಕೆ ನಡೆದು ಬಂದ ಕಾರಂತರು 2002ರಲ್ಲಿ ತೀರಿಕೊಂಡರು. ಎರಡೂ ಮನೆಗಳಲ್ಲಿ ಊಟ ಮಾಡಿದ ಅಂಥವರು ಮತ್ತೆ ಬರುವುದು ಸುಲಭವಲ್ಲ.

ಕುರುಕ್ಷೇತ್ರವನ್ನು ಈ ಕಾಲದ ಆಪೆರಾ ಕೂಡ ಬಿಟ್ಟಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದ ಫಿಲಿಪ್ ಗ್ಲಾಸ್ 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರವಿಶಂಕರ್ ಅವರೊಂದಿಗೆ ಕೆಲಸ ಮಾಡುವಾಗ ಭಾರತೀಯ ತಾಳದ ಆವರ್ತದ ರುಚಿ ಕಂಡವರು. ಅವರ ‘ಸತ್ಯಾಗ್ರಹ’ ಎಂಬ ಆಪೆರಾ 1980ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಮೊದಲು ಪ್ರದರ್ಶನವಾಯಿತು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಕಳೆದ ದಿನಗಳೇ ಅದರ ವಸ್ತು. ಆದರೆ ಹಾಡುವ ಸಾಹಿತ್ಯವೆಲ್ಲ ಭಗವದ್ಗೀತೆಯದು, ಅದೂ ಸಂಸ್ಕೃತದಲ್ಲೇ. ಮೊದಲ ದೃಶ್ಯ ನಡೆಯುವುದೇ ಕುರುಗಳ ಧರ್ಮಕ್ಷೇತ್ರದಲ್ಲಿ. ಅರ್ಜುನ, ಕೃಷ್ಣರ ಜೊತೆಯಲ್ಲಿ ಗಾಂಧಿ ನಿಂತು ಹಾಡುತ್ತಾರೆ. ಒಂದೇ ಸ್ವರಪುಂಜ ಮತ್ತೆ ಮತ್ತೆ ಸುತ್ತುತ್ತದೆ, ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಹಳೆಯ ಆಪೆರಾದ ಅಭಿಮಾನಿಗಳಲ್ಲಿ ಹಲವರಿಗೆ ತಾಳ್ಮೆ ತಪ್ಪುವುದು ಇಲ್ಲಿಯೇ. ಸೊಲ್ಲು ಹಿಡಿಯುವ ನೀಲಗಾರರನ್ನು ಕೇಳಿ ಬೆಳೆದವರಿಗೆ ಅಷ್ಟು ಕಷ್ಟವಾಗಲಾರದು.

ಅದರ ಕೊನೆಯ ಹಾಡು ಗಾಂಧಿಯದು. ಧರ್ಮಕ್ಕೆ ಗ್ಲಾನಿ ಬಂದಾಗಲೆಲ್ಲ ತಾನು ಹುಟ್ಟಿಬರುವೆನೆಂದು ಕೃಷ್ಣ ಹೇಳುವ, ಗೀತೆಯ ನಾಲ್ಕನೆಯ ಅಧ್ಯಾಯದ ಶ್ಲೋಕಗಳೇ ಅದರ ಸಾಹಿತ್ಯ. ನಮ್ಮ ಹಳ್ಳಿಗಳ ಕೃಷ್ಣರಿಗೂ ಅಚ್ಚುಮೆಚ್ಚಿನ ಶ್ಲೋಕಗಳು ಅವು. ಧಾಟಿ ಎಂದರೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಏರುವ ಎಂಟು ಸ್ವರ, ಅಷ್ಟೇ. ಅದೇ ಎಂಟು ಸ್ವರ 30 ಸಲ ಬರುತ್ತದೆ. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ನೋಡಿದರೆ ಅದು ತೋಡಿಯ ಆರೋಹಣ. ಹುಣಸೂರಿನ ಹಾರ್ಮೋನಿಯಂ ಮೇಷ್ಟ್ರಿಗೆ ಇದನ್ನು ಕೇಳಿಸಿದರೆ ಎರಡನೆಯ ಸಲಕ್ಕೇ ಬೆರಳು ಮನೆಗಳ ಮೇಲೆ ಕೂತಿರುತ್ತವೆ. ಮೂರನೆಯ ಸಲಕ್ಕೆ, ‘ಗಮಕ ಎಲ್ಲಿ?’ ಎಂದು ಕೇಳಿಯೇ ಕೇಳುತ್ತಾರೆ.